ನಾನು ಸುತ್ತದ ಚೆಂಡು

ನನ್ನ ಮೇಜಿನ ಮೇಲೆ, ಕಾಗದಗಳು ಹಾರದಂತೆ, ಒಂದು ಕಪ್ಪು ಚೆಂಡು ಕೂತಿದೆ. ಹಳೆಯ ಸೈಕಲ್ ಟ್ಯೂಬನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಚಿಂದಿಬಟ್ಟೆಯ ಗುಂಡಿನ ಮೇಲೆ ಎಳೆದೆಳೆದು ಸುತ್ತಿದ್ದು. ಬಂದವರು ಕೈಗೆತ್ತಿಕೊಂಡು ಎಷ್ಟು ದುಂಡಗಿದೆ ಎಂದು ಹೊಗಳುತ್ತಾರೆ. ಆಗೆಲ್ಲ ನನ್ನ ಹೊಟ್ಟೆಯೊಳಗೆ ಚುರುಕ್ ಎನ್ನುತ್ತದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಅದು ಹೊಟ್ಟೆಕಿಚ್ಚು.

ಎಂಬತ್ತರ ದಶಕದಲ್ಲಿ ನಾನು ತಿರ್ಲಾಪುರದ ಶಾಲೆಯ ಡ್ರಿಲ್ ಮಾಸ್ತರ. ಆಟದ ಸಾಮಾನಿಗೆ ಗತಿಯಿಲ್ಲದ ಆ ಶಾಲೆಗೆ ಚೆಂಡು ಸುತ್ತಿಕೊಡುವವನು ನಾನೊಬ್ಬನೇ. ಎರೆಮಣ್ಣಿನ ಬಯಲಿನಲ್ಲಿ ಅದು ಪುಟಿದಾಗಲೆಲ್ಲ ಮಕ್ಕಳ ಕಣ್ಣು ನನ್ನತ್ತ ಹೊರಳುತ್ತಿತ್ತು, ಆ ನೋಟದ ಮೇಲೆಯೇ ನಾನು ಬದುಕಿದ್ದೆ. ಅಷ್ಟರಲ್ಲಿ ವಿಜ್ಞಾನ ಕಲಿಸಲು ವಿರೂಪಾಕ್ಷಪ್ಪನವರು ಬಂದರು, ಬೆಳಗಾವಿಯ ಭಾವ ಕೊಟ್ಟ ಗಾಲ್ಫ್ ಚೆಂಡೊಂದನ್ನು ಜೇಬಿನಲ್ಲಿಟ್ಟುಕೊಂಡು. ಮೈತುಂಬ ಸಿಡುಬಿನ ಕಲೆಯಂಥ ಕುಳಿಗಳಿದ್ದ ಆ ಪುಟ್ಟ ಬಿಳಿ ಉಂಡೆ ಕಲ್ಲುಹಾಸಿಗೆ ಬಿದ್ದರೆ ಸೂರು ಮುಟ್ಟುತ್ತಿತ್ತು. ಒಂದೇ ವಾರದಲ್ಲಿ ನನ್ನ ಚೆಂಡುಗಳು ಮೂಲೆ ಸೇರಿದವು, ಮಕ್ಕಳು ಅವರ ಬೆನ್ನು ಹತ್ತಿದರು.

"ಒಳಗ ಬರೇ ಗಾಳಿ ಇರತೈತ್ರಿ, ಕೊಯ್ದು ನೋಡ್ರಿ," ಎಂದೆ. ಅದು ಹಾಳಾಗಲಿ ಎಂಬುದಷ್ಟೇ ನನ್ನ ಆಸೆ.

"ಕೊಯ್ಯೂಣಲ್ರಿ, ಹುಡುಗೂರ ಮುಂದನ ಕೊಯ್ಯೂಣು," ಎಂದರು ಅವರು, ಒಂದಿಷ್ಟೂ ಅಳುಕದೆ.

ಗರಗಸ ಸಿಪ್ಪೆ ದಾಟಿದ್ದೇ ತಡ, ಹೊಲಿಗೆಯ ದಾರದಷ್ಟು ತೆಳ್ಳಗಿನ ರಬ್ಬರ್ ಎಳೆಗಳು ಚಟಚಟನೆ ಹರಿದು ಮೇಲೆದ್ದವು. ಹೊರಗಿನದು ಕಾಡುಮರವೊಂದರ ಹೆಪ್ಪುಗಟ್ಟಿದ ಹಾಲು, ಒಳಗಿನದು ಮೆತ್ತನೆಯ ರಬ್ಬರಿನ ಎಳೆ, ನಟ್ಟನಡುವೆ ಗೋಲಿಯಷ್ಟು ಗುಂಡು; ಎಳೆದು ಕಟ್ಟಿಟ್ಟ ರಬ್ಬರು ತನ್ನ ಮೊದಲಿನ ಗಾತ್ರಕ್ಕೆ ಮರಳಲು ಸದಾ ಹವಣಿಸುತ್ತದೆ, ಆ ಹವಣಿಕೆಯೇ ಪುಟಿತವಾಗುತ್ತದೆ ಎಂದು ಅವರು ಮಕ್ಕಳಿಗೆ ತಿಳಿಸುತ್ತಿದ್ದರೆ, ನನ್ನೊಳಗೂ ಏನೋ ಬಿಗಿಯಾಗಿ ಸುತ್ತಿಕೊಳ್ಳುತ್ತಿತ್ತು.

"ಸರ್, ಇದೂ ನಿಮ್ಮ ಚೆಂಡಿನಂಗ ಸುತ್ಯಾರ್ರಿ," ಎಂದಳು ಮುಂದಿನ ಸಾಲಿನ ಹುಡುಗಿ, ನನ್ನತ್ತ ತಿರುಗಿ.

ನಾನು ಹಿಗ್ಗಬೇಕಿತ್ತು. ಆದರೆ ಮತ್ಸರಕ್ಕೆ ಮರ್ಯಾದೆಯಾದರೂ ಎಲ್ಲಿಯದು? ಯಾವುದೋ ದೇಶದಲ್ಲಿ ಕೂತು ನನಗಿಂತ ನಯವಾಗಿ ಸುತ್ತಿದ ಆ ಕಾಣದ ಕೈಯ ಮೇಲೂ ನನಗೆ ಉರಿ ಎದ್ದಿತು.

"ಮಾಸ್ತರ, ನನಗೂ ಸುತ್ತೂದು ಕಲಸ್ರಿ," ಎಂದರು ವಿರೂಪಾಕ್ಷಪ್ಪ. ಕಲಿಸಿದೆ. ಅವರು ಸುತ್ತಿದ್ದು ಬಟಾಟೆಯಂಥ ಸೊಟ್ಟ ಚೆಂಡು. ಪೂರ್ವಕ್ಕೆಸೆದರೆ ಪಶ್ಚಿಮಕ್ಕೆ ಪುಟಿಯುತ್ತಿತ್ತು. ಅದರ ಹಿಂದೆ ಬಿದ್ದು ನಕ್ಕು ನಕ್ಕು ಸುಸ್ತಾದ ಮಕ್ಕಳಿಗೆ ಬೇರೆ ಚೆಂಡೇ ಬೇಡವಾಯಿತು.

ಅವರಿಗೆ ದುಮ್ಮವಾಡಕ್ಕೆ ವರ್ಗವಾದ ಮೇಲೂ ಮಕ್ಕಳು ಅದನ್ನು ಬಿಡಲಿಲ್ಲ. "ಸೊಟ್ಟ ಐತಿ, ತಿದ್ದಿ ಕೊಡ್ತೇನಿ," ಎಂದು ನಾನೇ ಅವರಿಂದ ಕಸಿದುಕೊಂಡು ಹೋಗಿ, ಅದರ ಗುಟ್ಟೇನೆಂದು ಪಟ್ಟಿಪಟ್ಟಿಯಾಗಿ ಬಿಚ್ಚಿದೆ. ಅದೇ ಟ್ಯೂಬು, ಅದೇ ಚಿಂದಿ. ಮಾಡಿದ್ದಕ್ಕೆ ನಾಚಿಕೆಯಾಗಿ, ಮೊದಲಿನಂತೆಯೇ ಸೊಟ್ಟಗೆ ಸುತ್ತಿಡಲು ಕೂತೆ. ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ವರ್ಷಗಟ್ಟಲೆ ಪಳಗಿದ ಈ ಹಾಳು ಕೈಗೆ ಸೊಟ್ಟ ಸುತ್ತುವುದು ಕೊನೆಗೂ ಬರಲೇ ಇಲ್ಲ.

ಮರುದಿನ ಮಕ್ಕಳು ಅದನ್ನು ಎರಡು ಸಲ ಪುಟಿಸಿ ನೋಡಿದರು. ಆಮೇಲೆ ಆ ಹುಡುಗಿ ತಂದು ನನ್ನ ಅಂಗೈಯಲ್ಲಿಟ್ಟು, "ಇದು ಅವರ ಚೆಂಡು ಅಲ್ರಿ, ಸರ್," ಎಂದಳು.

ಮೇಜಿನ ಮೇಲಿರುವುದು ಅದೇ ಚೆಂಡು. ಕೈಗೆತ್ತಿಕೊಂಡು ನೋಡಿ, ಎಲ್ಲಿಯೂ ಒಂದು ಡೊಂಕಿಲ್ಲ.