ನಗೋಯಾದ ಮೂಲಂಗಿ, ಪೀಣ್ಯದ ಟ್ಯೂಬು

ರೈಲು ಅಲುಗಾಡದೆ ಓಡುತ್ತಿತ್ತು; ಅಲುಗಾಡುತ್ತಿದ್ದುದು ಮಹಾನಂದಾಳ ಕಾಲು. ಪೀಣ್ಯದ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ನಿಗೆ ತಗಡು ಕೊಡುವ ಸಿಂದಗಿ ಕಡೆಯ ಈ ಹೆಂಗಸನ್ನು ಕಂಪನಿ ತರಬೇತಿಗೆಂದು ಜಪಾನಿನ ನಗೋಯಾಕ್ಕೆ ಕಳಿಸಿತ್ತು. ಭಾನುವಾರ, ರಜೆ. ಜೊತೆಗೆ ಬಂದಿದ್ದ ಸೂಪರ್‌ವೈಸರ್ ನರೇಶ್ ಹಳೆಯ ಯಂತ್ರಗಳ ಮ್ಯೂಸಿಯಂ ತೋರಿಸಲು ಹೊರಡಿಸಿದ್ದ. ಪೀಣ್ಯದಲ್ಲಿ ರಜೆಯಿಲ್ಲ. ಅವಳ ಮಷಿನ್ನಿಗೆ ಈಗ ತಂಗಿ ಭಾಗ್ಯಶ್ರೀ ನಿಂತಿದ್ದಳು.

"ಒಬ್ರೂ ಮಾತಾಡವಲ್ರು. ಇದೇನ್ ರೈಲೋ ಮಠಾನೋ ಸರ?"

"ಮೆಲ್ಲಗೆ ಕಣಮ್ಮ. ಇಲ್ಲಿ ಫೋನಲ್ಲೂ ಮಾತಾಡೋ ಹಂಗಿಲ್ಲ."

ಮ್ಯೂಸಿಯಮ್ಮಿನ ಬಾಗಿಲಲ್ಲೇ ಅವಳ ಪ್ರೆಸ್ಸಿಗೆ ಅಕ್ಕನಂಥ ಹಳೆಯ ಪ್ರೆಸ್ಸೊಂದು ನಿಂತಿತ್ತು. ಕೈ ತಾನಾಗಿ ಅಡ್ಡ ಕಟ್ಟಿದ್ದ ಹಗ್ಗ ದಾಟಿತು. ಪ್ರತಿ ಶಿಫ್ಟಿಗೂ ಮಾಡುವಂತೆ ಮಷಿನ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದನ್ನು ನಡೆಸಿ ತೋರಿಸುವ ಮುದುಕ ಓಡಿ ಬಂದ. ಬೈಯಬೇಕಾದವನು ಅವಳ ಮುಖ ನೋಡಿ, ತಾನೂ ಮಷಿನ್ನಿಗೆ ನಡು ಬಗ್ಗಿಸಿದ.

ಆಮೇಲೆ ತೋರಿಸಲೆಂದೇ ಇಟ್ಟಿದ್ದ ಮೂಲಂಗಿಯನ್ನು ಒಂದು ಕೈಯಲ್ಲಿ ಪ್ರೆಸ್ಸಿನ ಬಾಯಿಗೆ ತೂರಿಸಿ, ಇನ್ನೊಂದರಲ್ಲಿ ಬಟನ್ ಒತ್ತಿದ. ಧಡ್. ಮೂಲಂಗಿಯ ಅರ್ಧ ನೆಲಕ್ಕೆ ಬಿತ್ತು.

"ಹಿಂದೆ ಹಿಂಗಿತ್ತಂತೆ," ಎಂದ ನರೇಶ್, ಮುದುಕನ ಮಾತನ್ನು ಕನ್ನಡಕ್ಕೆ ತರುತ್ತ. "ಬೆರಳು ಹೋಗ್ತಿದ್ವು ಅಂತ ಎರಡು ಬಟನ್ ಇಟ್ರಂತೆ. ಎರಡೂ ಕೈ ಹೊರಗಿದ್ದು ಎರಡನ್ನೂ ಒಟ್ಟಿಗೆ ಒತ್ತಿದ್ರೇನೇ ಪ್ರೆಸ್ ಇಳಿಯೋದು."

ಪೀಣ್ಯದಲ್ಲೂ ಎರಡು ಬಟನ್ ಇವೆ. ಒಂದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸದಾ ಒತ್ತಿಟ್ಟಿರುತ್ತಾರೆ. ಒಂದು ಕೈ ಬಟನ್ನಿಗೆ, ಒಂದು ಕೈ ಒಳಗೆ. ಹಾಗಾದರಷ್ಟೇ ಟಾರ್ಗೆಟ್ ಮುಟ್ಟುವುದು. ತಪಾಸಣೆಯವರು ಬಂದ ದಿನ ಪಟ್ಟಿ ಜೇಬಿಗೆ. ಗೋಡೆಯ ಮೇಲಿನ 'ಸುರಕ್ಷತೆಯೇ ಮೊದಲು' ಎಂಬ ಬರಹಕ್ಕೆ ವರ್ಷವರ್ಷವೂ ಬಣ್ಣ, ಆಯುಧಪೂಜೆಗೆ ಮಷಿನ್ನಿಗೂ ಕುಂಕುಮ. ಬೆರಳಿಗೆ ಯಾವ ಪೂಜೆಯೂ ಇಲ್ಲ. ನರೇಶನಿಗೆ ಇದೆಲ್ಲ ಗೊತ್ತು. ಅವನು ಮೂಲಂಗಿಯ ಫೋಟೊ ತೆಗೆಯುತ್ತಿದ್ದ.

ಟ್ಯೂಬ್ ಕಟ್ಟುವುದನ್ನು ಭಾಗ್ಯಶ್ರೀಗೆ ಕಲಿಸಿದವಳು ಮಹಾನಂದಾಳೇ.

ಆಮೇಲೆ ಅವಳಿಗೆ ಒಂದೂ ಯಂತ್ರ ಕಾಣಲಿಲ್ಲ. ತಂಗಿಗೆ ಫೋನ್ ಮಾಡಿದಳು, ಮತ್ತೆ ಮಾಡಿದಳು. ಎತ್ತುವುದು ಹೇಗೆ? ಶಿಫ್ಟಿಗೆ ಹೋಗುವವರ ಫೋನನ್ನು ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ವಾಪಸಿನ ರೈಲು ಹತ್ತಿದ ಮೇಲೆ ಗೇಟಿನ ವಾಚ್‌ಮನ್ ಯಮನೂರನ ನೆನಪಾಯಿತು. ನರೇಶ್ ಕಣ್ಣಲ್ಲೇ ಗದರಿದರೂ ಬಿಡದೆ ಯಮನೂರನ ನಂಬರ್ ಒತ್ತಿದಳು.

"ಯಮನೂರ, ಒಳಗ್ ಹೋಗಿ ಭಾಗ್ಯಾಗ ಹೇಳೋ, ಟ್ಯೂಬ್ ಬಿಚ್ಚಿ ಒಗಿ ಅಂತ."

"ಲೈನ್ ನಿಧಾನ ಆದ್ರ ನನ್ನ ಬೈತಾರಕ್ಕ. ಸೂಪರ್‌ವೈಸರ್ ಸಾಹೇಬ್ರು ಹೇಳ್ಬೇಕು."

ಸ್ಪೀಕರ್ ಹಾಕಿ ಫೋನನ್ನು ನರೇಶನ ಬಾಯಿಗೆ ಹಿಡಿದಳು. ಬೋಗಿಯ ತಲೆಗಳೆಲ್ಲ ತಿರುಗಿದವು.

"ಮಾನ ತೆಗೀಬೇಡ ಕಣಮ್ಮ. ಸ್ಟೇಷನ್ ಬರ್ಲಿ, ಇಳಿದು ಹೇಳ್ತೀನಿ."

"ಅಲ್ಲೀತನಾ ಆಕಿ ಕೈ ಎಲ್ಲಿರ್ತೈತ್ರಿ ಸರ?"

ನರೇಶ್ ಫೋನಿಗೆ ಬಗ್ಗಿದ. "ಬಿಚ್ಚಿಸು, ಯಮನೂರ."

"ಆಕೀದಷ್ಟ ಏನ್ರೀ ಸಾಹೇಬ್ರ, ಎಲ್ಲಾರದೂ?"

ನರೇಶ್ ಕಿಟಕಿಯ ಕಡೆ ನೋಡಿದ.

"ಎಲ್ಲಾರದೂ," ಎಂದಳು ಮಹಾನಂದಾ, ಇಡೀ ಬೋಗಿಗೆ ಕೇಳುವಂತೆ. "ಫೋನ್ ಹಿಡ್ಕೊಂಡ ಒಳಗ್ ಹೋಗು. ನಾ ಇಡಂಗಿಲ್ಲ."

ಯಮನೂರನ ಹೆಜ್ಜೆಯ ಹಿಂದೆ ಪ್ರೆಸ್ಸುಗಳ ಧಡಧಡ ಕೇಳತೊಡಗಿತು. ಅವು ನಿಲ್ಲುವುದನ್ನೇ ಕಾಯುತ್ತ ಅವಳು ಬೋಗಿಯ ನಡುವೆ ನಿಂತೇ ಇದ್ದಳು.