ರಫೀದಿ ಇಟ್ಟ ಆಣೆ

ನಮ್ಮ ದ್ವೀಪದೇಶದ ರಾಜಧಾನಿ ತಾನಾ ಪಟ್ಟಣದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ರಫೀದಿಯಷ್ಟು ಒಳ್ಳೆಯವನೂ ಇಲ್ಲ, ಅವನಷ್ಟು ಬಾಯಿಬಡುಕನೂ ಇಲ್ಲ. ಆ ಬಾಯಿಯೇ ಅವನನ್ನು ಹಾಳು ಮಾಡಿತು. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಒಂದು ಸಲ ರಾಜಧಾನಿ ನೋಡಲು ನಾರ್ವೆಯ ಮುದುಕಿಯೊಬ್ಬಳು ಬಂದಿದ್ದಳು, ನರ್ಸ್ ಆಗಿದ್ದವಳು. ಪಟ್ಟಣದ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದ ಮೇಲೆ ಹಳ್ಳಿ ನೋಡಬೇಕೆಂದಳು. ರಫೀದಿ ಸೀದಾ ತನ್ನ ಹುಟ್ಟೂರಿಗೇ ಗಾಡಿ ತಿರುಗಿಸಿದ. ಚಕ್ರ ಹೂತರೆ ತಳ್ಳಲೆಂದು ನಾನೂ ಹೋದೆ.

ಆ ವರ್ಷ ಬೆಟ್ಟದ ಸೀಮೆಯಲ್ಲೆಲ್ಲ ಒಂದೇ ಗುಲ್ಲು: ಹೊರದೇಶದಿಂದ ಎದೆಗಳ್ಳರು ಬಂದಿದ್ದಾರೆ, ಮಕ್ಕಳ ಗುಂಡಿಗೆ ಕಿತ್ತು ಒಯ್ಯುತ್ತಾರೆ. ಗದ್ದೆಯಲ್ಲಿದ್ದವರು ನಮ್ಮನ್ನು ಕಂಡು ಬಗ್ಗಿದ ಬೆನ್ನು ನೆಟ್ಟಗೆ ಮಾಡಿದರು. ಯಾರೂ ಕೈಬೀಸಲಿಲ್ಲ.

"ಏನ್ರೋ ಹಂಗ್ ನೋಡ್ತೀರಾ? ಎದೆಗಳ್ಳೀನ ಕರ್ಕೊಂಡ್ ಬಂದೀನಿ, ಮಕ್ಳನ್ನ ಬಚ್ಚಿಟ್ಕೊಳ್ಳಿ!" ಎಂದು ರಫೀದಿ ಕಿಟಕಿಯಿಂದ ಕೂಗಿದ.

ಒಬ್ಬರೂ ನಗಲಿಲ್ಲ.

ಮನೆಯಲ್ಲಿ ಅವನ ತಂಗಿ ಅನ್ನ, ಸೊಪ್ಪಿನ ಸಾರು ಬಡಿಸಿದಳು. ಅವಳ ಪುಟ್ಟ ಮಗ ತೂಜು ಮೂಲೆಯಲ್ಲಿ ಕೆಮ್ಮುತ್ತಿದ್ದ. ಮುದುಕಿ ಅವನನ್ನು ಹತ್ತಿರ ಎಳೆದು, ಅಂಗಿ ಎತ್ತಿ, ಎದೆಗೆ ಕಿವಿಯಿಟ್ಟಳು. ಬಾಗಿಲಲ್ಲಿ ಇಣುಕುತ್ತಿದ್ದವರು ಹಿಂದೆ ಸರಿದರು. ಹೊರಗೆ ಗುದ್ದಲಿ ಹಿಡಿದ ಜನ ಸೇರತೊಡಗಿದರು.

ಮಗುವಿಗೆ ನ್ಯುಮೋನಿಯಾ, ಈಗಲೇ ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕು ಎಂದಳು ಮುದುಕಿ. ರಫೀದಿ ಅದನ್ನೇ ಜನರಿಗೆ ಹೇಳಿದ.

"ಓಹೋ, ಮಗೂನ ಗಾಡೀಲಿ ಹಾಕ್ಕೊಂಡ್ ಹೋಗ್ತಾಳಂತಾ?" ಎಂದ ಅವನ ದೊಡ್ಡಪ್ಪ ರಾಮಾರು. "ನೀನೇ ಅಂದ್ಯಲ್ಲೋ, ಎದೆಗಳ್ಳಿ ಅಂತ."

"ಅಯ್ಯೋ ದೊಡ್ಡಪ್ಪ, ತಮಾಷೆಗಂದೆ!"

"ಇಂಥದ್ರಲ್ಲಿ ತಮಾಷೆ ಯಾವನ್ ಮಾಡ್ತಾನೆ?"

ಜನ ಹತ್ತಿರ ಬಂದರು. ಆಗ ರಫೀದಿ ಅಂಗಳದ ಮಣ್ಣು ನೆಕ್ಕಿ ಆಣೆಯಿಟ್ಟ: "ಇವ್ಳು ಮುಟ್ಟಿದ್ದಕ್ಕೆ ತೂಜುಗೆ ಏನಾದ್ರೂ ಆದ್ರೆ, ನನ್ನನ್ನ ನಮ್ಮ ಗೋರಿಗೆ ಸೇರಿಸ್ಬೇಡಿ!"

ನಾವು ಇರುವ ಮನೆ ಮಣ್ಣಿನದಾದರೂ ಮನೆತನದ ಗೋರಿಯನ್ನು ಕಲ್ಲಿನಲ್ಲೇ ಕಟ್ಟುವ ಜನ. ಅಜ್ಜ ಮುತ್ತಜ್ಜರ ಪಕ್ಕ ಮಲಗದವನು ಸತ್ತ ಮೇಲೂ ಪರದೇಶಿ. ಅದಕ್ಕೇ ಜನ ನಮಗೆ ದಾರಿ ಬಿಟ್ಟರು. ಮಗುವನ್ನು ಮಾತ್ರ ಬಿಡಲಿಲ್ಲ. ತಂಗಿ ಅವನನ್ನು ಅವಚಿಕೊಂಡು ಒಳಹೋಗಿ ಅಗುಳಿ ಹಾಕಿದಳು.

ದಾರಿಯುದ್ದಕ್ಕೂ ಮುದುಕಿ ಮಗು ಎಲ್ಲಿ ಎಂದು ಕೇಳುತ್ತಲೇ ಇದ್ದಳು. ರಫೀದಿ ಗಾಡಿಯ ವೇಗ ಹೆಚ್ಚಿಸಿದ.

ಆ ವಾರವೇ ತೂಜು ತೀರಿಹೋದ. ಮುಂದೆ, ಹಿರಿಯರ ಎಲುಬನ್ನು ಗೋರಿಯಿಂದ ಹೊರತೆಗೆದು ಹೊಸ ರೇಷ್ಮೆ ಹೊದಿಸುವ ಹಬ್ಬ ಬಂದಾಗ ರಫೀದಿ ಬಟ್ಟೆ ಕೊಂಡು ಊರಿಗೆ ಹೋದ. ರಾಮಾರು ಬಟ್ಟೆ ಇಸಿದುಕೊಂಡು, "ನೀನ್ ಗೋರಿ ಗೋಡೆಯಾಚೆ ನಿಲ್ಲು ಮಗಾ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಅವನು ಗಾಡಿಯನ್ನು ಎತ್ತಿನ ಬಂಡಿಗಿಂತ ನಿಧಾನವಾಗಿ ಓಡಿಸುತ್ತಾನೆ. "ಸಾಯೋಕೆ ಅಷ್ಟು ಭಯಾನಾ?" ಎಂದು ಒಮ್ಮೆ ರೇಗಿಸಿದೆ.

"ಸತ್ರೆ ನನ್ನನ್ನ ಎಲ್ಲಿ ಇಡ್ತೀಯ, ಹೇಳು" ಎಂದ.