ನಗರ್ತಪೇಟೆ ಸುಮ್ಮನಾದ ದಿನ

ನಮ್ಮ ಪೇಟೆಗಳಲ್ಲಿ ಅನಾಹುತವಾದರೆ ಕೈ ಹಚ್ಚುವವರಿಗೂ ಕೊರತೆಯಿಲ್ಲ, ಅಪ್ಪಣೆ ಕೊಡುವವರಿಗಂತೂ ಇಲ್ಲವೇ ಇಲ್ಲ. ಬರವಿರುವುದು ಅಪ್ಪಣೆ ಕೇಳುವವರಿಗೆ. ಆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಮೂರಂತಸ್ತಿನ ಹಳೇ ಕಟ್ಟಡ ಕುಸಿದಾಗಲೂ ಹಾಗೇ ಆಯಿತು.

ಮೊದಲು ಬಂದು ತಲುಪಿದ್ದು ಅಗ್ನಿಶಾಮಕ ಠಾಣಾಧಿಕಾರಿ ಗೌರೀಶ್. ಚಾಮರಾಜಪೇಟೆಯಲ್ಲೇ ಹುಟ್ಟಿ ಬೆಳೆದವನು, ತೆಂಗಿನಕಾಯಿ ಮಂಡಿಯ ನಾರಾಯಣಪ್ಪನವರ ಎರಡನೇ ಮಗ. ವಯಸ್ಸು ನಲವತ್ತೊಂದು. ಹಿರಿಯರೆದುರು ದನಿ ಎತ್ತಿದವನಲ್ಲ. ಮದುವೆಮನೆಗಳಲ್ಲಿ ಯಾರು ಏನು ಹೇಳಿದರೂ 'ಆಯ್ತು' ಎಂದು ಓಡಾಡಿ, ಕೊನೆಗೆ ತನ್ನ ಊಟವನ್ನೇ ತಪ್ಪಿಸಿಕೊಳ್ಳುವವರ ಪೈಕಿ. ಇಂಥವನು ಬೆಂಕಿಯ ಜೊತೆ ಹದಿನೇಳು ವರ್ಷ ಹೇಗೆ ಏಗಿದನೋ ಎಂದು ತಾಯಿ ಮುನಿಯಕ್ಕನಿಗೇ ಆಶ್ಚರ್ಯ.

ತರಬೇತಿಯಲ್ಲಿ ಅವನಿಗೆ ಒಂದು ನಿಯಮ ಕಲಿಸಿದ್ದರು. ಮೊದಲು ತಲುಪಿದ ಅಧಿಕಾರಿಯೇ ಅಲ್ಲಿನ ಮುಖ್ಯಸ್ಥ. ಪೊಲೀಸರು, ಆಂಬುಲೆನ್ಸಿನವರು, ಕರೆಂಟಿನವರು ಎಲ್ಲರೂ ಅವನ ಮಾತಿನಂತೆ ನಡೆಯಬೇಕು. ಅವನಿಗಿಂತ ದೊಡ್ಡವರು ಬಂದರೆ 'ಇನ್ನು ನಾನು ವಹಿಸಿಕೊಂಡೆ' ಎಂದು ಬಾಯಿಬಿಟ್ಟು ಹೇಳಿ, ಮುಖ್ಯಸ್ಥನ ಹಸಿರು ಜಾಕೆಟ್ ತೊಡಬೇಕು. ಜಾಕೆಟ್ ಯಾರ ಮೈಮೇಲಿದೆಯೋ ಹೊಣೆ ಅವರದು.

ಗೌರೀಶ್ ಜಾಕೆಟ್ ತೊಟ್ಟು, ಎದುರಿನ ಹಿತ್ತಾಳೆ ಅಂಗಡಿಯ ಮೆಟ್ಟಿಲನ್ನೇ ಕಚೇರಿ ಮಾಡಿಕೊಂಡ. ಲೈನ್‌ಮನ್ ಕರೆಂಟು ತೆಗೆದ. ಪೊಲೀಸರು ಗಲ್ಲಿಯ ಎರಡೂ ಕಡೆ ಹಗ್ಗ ಕಟ್ಟಿದರು. ಒಳಗಿದ್ದ ಒಂಬತ್ತು ಜನರಲ್ಲಿ ಎಂಟು ಜನ ಹೊರಗೆ ಬಂದಿದ್ದರು. ಪ್ಯಾಕಿಂಗ್ ಕೆಲಸದ ಮಾಯಣ್ಣ ಮಾತ್ರ ಸಿಕ್ಕಿರಲಿಲ್ಲ. ಅವನು ಎಲ್ಲಿದ್ದಾನೆಂದು ತಿಳಿಯುವವರೆಗೆ ಯಾವ ಯಂತ್ರವೂ ಇಲ್ಲಿ ಕೈಯಾಡಿಸಕೂಡದು ಎಂದು ಗೌರೀಶ್ ಎಲ್ಲರಿಗೂ ಹೇಳಿದ.

ಅಷ್ಟರಲ್ಲಿ ಮೇಲಧಿಕಾರಿ ಮಧುಸೂದನ್ ಬಂದರು. ಅವರ ಹಿಂದೆ ಕಟ್ಟಡದ ಮಾಲೀಕ, ಮಾಲೀಕನ ಹಿಂದೆ ಒಂದು ಜೆಸಿಬಿ.

"ಬೇಗ ತೆಗೆಸಿ ಸಾರ್, ಒಳಗೆ ಮನುಷ್ಯ ಇದಾನೆ!" ಎಂದ ಮಾಲೀಕ.

ಮಧುಸೂದನ್ ಫೋನಿನಲ್ಲಿ ಮಾತಾಡುತ್ತಲೇ 'ಹೂಂ' ಎಂದು ಕೈ ಬೀಸಿದರು. ಕೈ ಬೀಸುವುದು ಎಷ್ಟು ಸುಲಭ ನೋಡಿ! ಜೆಸಿಬಿಯ ಬಕೆಟ್ ಮೇಲೆದ್ದಿತು.

ಗೌರೀಶ್ ಸಾಹೇಬರಿಗೆ ಒಂದು ದಿನವೂ ಎದುರಾಡಿದವನಲ್ಲ. ಆದರೂ ಓಡಿಹೋಗಿ ಆ ಬಕೆಟ್ಟಿನ ಮುಂದೆ ಎರಡೂ ಕೈ ಎತ್ತಿ ನಿಂತುಬಿಟ್ಟ. ಆಮೇಲೆ ಜಾಕೆಟ್ ಬಿಚ್ಚಿ ಸಾಹೇಬರ ಮುಂದೆ ಹಿಡಿದ.

"ಸಾರ್, ನೀವು ವಹಿಸ್ಕೊಳ್ಳೋದಾದ್ರೆ ಇದನ್ನ ಹಾಕ್ಕೊಳ್ಳಿ. ಈಗ್ಲೇ ವೈರ್‌ಲೆಸ್‌ನಲ್ಲಿ ಹೇಳ್ತೀನಿ, ನಾನೂ ನಿಮ್ಮ ಮಾತೇ ಕೇಳ್ತೀನಿ. ಇಲ್ಲಾಂದ್ರೆ ಆ ಗಾಡಿಗೆ ಹೇಳೋನು ನಾನೊಬ್ಬನೇ."

ಗಲ್ಲಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಮಧುಸೂದನ್ ಜಾಕೆಟ್ ನೋಡಿದರು, ಇಟ್ಟಿಗೆಯ ಗುಡ್ಡೆ ನೋಡಿದರು. ಕುಸಿದ ಕಟ್ಟಡದ ಮೆಟ್ಟಿಲು ಯಾವ ಕಡೆ ಇತ್ತೆಂಬುದೂ ಅವರಿಗೆ ಗೊತ್ತಿರಲಿಲ್ಲ. ಮುಖ ಕೆಂಪಾಯಿತು. ಆದರೆ ಅವರ ದೊಡ್ಡತನವನ್ನೂ ಹೇಳಲೇಬೇಕು, ಫೋನು ಜೇಬಿಗಿಳಿಸಿದರು.

"ನೀವೇ ನಡೆಸಿ ಗೌರೀಶ್. ನಾನೇನ್ ಮಾಡ್ಲಿ ಹೇಳಿ."

"ಎಲ್ಲಾ ಸದ್ದು ನಿಲ್ಲಿಸಿ ಸಾರ್. ಐದೇ ನಿಮಿಷ."

ಸಾಹೇಬರೇ ಹೋಗಿ ಜೆಸಿಬಿ ಆರಿಸಿದರು. ಜನರೇಟರುಗಳು ನಿಂತವು. ಟೆಂಪೋಗಳು ಆರಿದವು. ಮಾಳಿಗೆಗಳ ಮೇಲೆ ನಿಂತು ಸಲಹೆ ಕೊಡುತ್ತಿದ್ದವರೂ ಬಾಯಿಗೆ ಬೀಗ ಹಾಕಿಕೊಂಡರು. ಹಿತ್ತಾಳೆ ಅಂಗಡಿಯವನು ತೂಗುಹಾಕಿದ್ದ ಗಂಟೆಗಳನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದ. ಬೆಳಗಿನ ಹೊತ್ತಿನಲ್ಲಿ ನಗರ್ತಪೇಟೆ ಸುಮ್ಮನಾಗುವುದೆಂದರೆ ನಂಬುತ್ತೀರಾ? ಆಯಿತು.

ಟಕ್. ಟಕ್ ಟಕ್.

ಇಟ್ಟಿಗೆಗೆ ಕಿವಿಯಿಟ್ಟು ಮಲಗಿದ್ದ ಫೈರ್‌ಮನ್ ಕಾಳಪ್ಪ ಕೈ ಎತ್ತಿದ. ಸದ್ದು ಬರುತ್ತಿದ್ದದ್ದು ಬಕೆಟ್ಟಿನ ನೇರ ಕೆಳಗಿಂದ!

ಆಮೇಲೆ ಮೂರು ಗಂಟೆ ಬರೀ ಕೈಕೆಲಸ. ಸಾಲಾಗಿ ನಿಂತವರು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದರು; ಸಾಲಿನ ನಡುವೆ ಶರ್ಟಿನ ತೋಳು ಮಡಚಿಕೊಂಡು ಮಧುಸೂದನ್ ಕೂಡ ಇದ್ದರು. ಎರಡೂವರೆಗೆ ಮಾಯಣ್ಣ ಹೊರಗೆ ಬಂದ. ಮೈಯೆಲ್ಲ ಸುಣ್ಣದ ಪುಡಿ, ಒಂದು ಕಾಲು ಮುರಿದಿತ್ತು, ಜೀವ ಗಟ್ಟಿಯಾಗಿತ್ತು. ಗಲ್ಲಿಗೆ ಗಲ್ಲಿಯೇ ಕೇಕೆ ಹಾಕಿತು, ಶಿಳ್ಳೆ ಹೊಡೆಯಿತು. ಸ್ಟ್ರೆಚರಿನ ಮೇಲಿಂದ ಮಾಯಣ್ಣ ಗೌರೀಶನ ಕೈ ಹಿಡಿದುಕೊಂಡ.

"ನಾನು ಮೊದ್ಲಿಂದ್ಲೂ ಬಡೀತಾನೇ ಇದ್ದೆ ಸಾರ್. ಮೇಲೆ ಬರೀ ಗಲಾಟೆ. ಎಲ್ಲಾ ಸುಮ್ನಾದ್ಮೇಲೆ ಗೊತ್ತಾಯ್ತು, ಯಾರೋ ನನ್ನ ಕೇಳಿಸ್ಕೊಳ್ತಿದಾರೆ ಅಂತ."

ಗೌರೀಶ್ ಅಷ್ಟು ಜನರ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟ.